ಎರಡು ಮೊಳದ ದಾರಿ

ಕಳೆದ ಸಂಚಿಕೆಯಲ್ಲಿ ನಲ್ಲಿಯ ನೀರಿನ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆದಿದ್ದೆನಷ್ಟೆ. ಅದನ್ನೋದಿದ ಬೆಂಗಳೂರಿನ ಗೃಹಿಣಿಯೊಬ್ಬರು ದೀರ್ಘವಾದ ಕಾಗದವೊಂದನ್ನು ಕಳುಹಿಸಿದ್ದಾರೆ. ತಮ್ಮ ಹೆಸರನ್ನು ಪ್ರಕಟಿಸಕೂಡದೆಂಬುದು ಅವರ ಕೋರಿಕೆ. ಕಾಗದದ ಸಾರಾಂಶವಿಷ್ಟು: "ನೀರು ದಿನ ಬಿಟ್ಟು ದಿನ ಬಂದರೂ ತೊಟ್ಟಿಯಲ್ಲಿ ತುಂಬಿಟ್ಟುಕೊಂಡು ಸಂಸಾರವನ್ನು ತೂಗಿಸಬಹುದು. ವಿದ್ಯುದ್ದೀಪ ಹೋದರೆ ಹಣತೆಯನ್ನಾದರೂ ಹಚ್ಚಬಹುದು. ಆದರೆ ಹೊಸ್ತಿಲು ದಾಟಿದೊಡನೆ ಕಾಲಿಡುವುದಕ್ಕೆ ನೆಲವೇ ಇಲ್ಲದಿದ್ದರೆ ಗತಿಯೇನು? ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ. ಕಣ್ಣು, ಕಿವಿ, ಕಾಲು ಎಲ್ಲವೂ ನೆಟ್ಟಗಿವೆ. ಆದರೂ ಎರಡು ವರ್ಷಗಳಿಂದ ಅವರು ಒಬ್ಬರೇ ಬೀದಿಗೆ ಇಳಿದಿಲ್ಲ. ಇದನ್ನು ಕುರಿತು ತಾವು ಬರೆಯಬಾರದೆ?"

ಬರೆಯಬಾರದೇಕೆ? ನಾನೂ ಅದೇ ನಗರದ ನಿವಾಸಿ. ಪಾಠಶಾಲೆಯಿಂದ ನಿವೃತ್ತನಾದ ಮೇಲೆ ಬೆಳಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ನಡೆದು ಬರುವುದೇ ನನ್ನ ದಿನಚರಿಯ ಮುಖ್ಯ ಭಾಗ. ಆದಕಾರಣ ಈ ವಿಷಯದಲ್ಲಿ ಪುಸ್ತಕಜ್ಞಾನಕ್ಕಿಂತ ಪಾದಜ್ಞಾನವೇ ನನಗೆ ಹೆಚ್ಚು.

ದಾರಿ ನಡೆಯುವವನಿಗೆ ಸಂಸ್ಕೃತದಲ್ಲಿ ಹೆಸರುಗಳ ಬರವಿಲ್ಲ. ಪಾಂಥನೆನ್ನಬಹುದು, ಪಥಿಕನೆನ್ನಬಹುದು, ಅಧ್ವಗನೆನ್ನಬಹುದು. ನಮ್ಮ ಕಾಲದ ಕಚೇರಿಗಳವರು ಇವೆಲ್ಲವನ್ನೂ ಬಿಟ್ಟು 'ಪಾದಚಾರಿ' ಎಂಬ ಶಬ್ದವನ್ನು ಆರಿಸಿಕೊಂಡಿದ್ದಾರೆ. ಶಬ್ದವೇನೋ ಸಾಧುವಾದುದೇ. ಅವನು ನಡೆಯತಕ್ಕ ಸ್ಥಳಕ್ಕೆ 'ಪಾದಚಾರಿ ಮಾರ್ಗ'ವೆಂದು ಕಾಗದಪತ್ರಗಳಲ್ಲಿ ಹೆಸರು. ಜನರ ಬಾಯಲ್ಲಿ ಅದು ಫುಟ್‌ಪಾತು. ಹೀಗೆ ಹೆಸರುಗಳೇನೋ ಎರಡಿವೆ. ಆದರೆ ಹೆಸರಿಸಲ್ಪಟ್ಟ ವಸ್ತುವೊಂದು ಮಾತ್ರ ಬಹುಪಾಲು ಬೀದಿಗಳಲ್ಲಿ ಕಾಣಬರುವುದಿಲ್ಲ.

ನಡೆಯುವವನಿಗೆಂದು ಪ್ರತ್ಯೇಕವಾದ ದಾರಿಯನ್ನು ಬಿಡುವುದು ಇಂಗ್ಲಿಷರಿಂದ ಬಂದ ನೂತನ ವಿಚಾರವೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರನ್ನು ಕೇಳದ ವಾಚಕರು ಇರಲಾರರು. ಶತಮಾನಗಳ ಕಾಲ ಹೆಸರು ಮಾತ್ರವಾಗಿ ಉಳಿದಿದ್ದ ಆ ಗ್ರಂಥದ ತಾಳೆಯೋಲೆಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದವರು ನಮ್ಮವರೇ ಆದ ಪಂಡಿತ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ, ದುರ್ಗವನ್ನು ನಿರ್ಮಿಸುವ ಪ್ರಕರಣದಲ್ಲಿ, ದಾರಿಗಳ ಅಗಲವನ್ನು ಒಂದೊಂದಾಗಿ ಹೇಳಿದೆ. ರಥದ ದಾರಿಗೆ ಐದು ಅರತ್ನಿ. ದನಕರುಗಳ ದಾರಿಗೆ ನಾಲ್ಕು. ಸಣ್ಣ ಪಶುಗಳಿಗೂ ಮನುಷ್ಯರಿಗೂ ಎರಡು. ಅರತ್ನಿಯೆಂದರೆ ಇಪ್ಪತ್ತನಾಲ್ಕು ಅಂಗುಲ. ಸ್ಥೂಲವಾಗಿ ನಮ್ಮ ಮೊಳ, ಎಂದರೆ ಒಂದೂವರೆ ಅಡಿ. ಆಡು ಕುರಿಗಳ ಸಾಲಿಗೆ ನಮ್ಮನ್ನು ಸೇರಿಸಿದನಲ್ಲಾ ಎಂದು ಯಾರೂ ಮುನಿಸಿಕೊಳ್ಳಬೇಕಾದುದಿಲ್ಲ. ಆಡು ಕುರಿಗಳ ಸಂಗಡವಾದರೂ ಆತನು ಎರಡು ಮೊಳ ಅಗಲದ ನೆಲವನ್ನು ನಮಗೆ ಬಿಟ್ಟುಕೊಟ್ಟನು; ಅದನ್ನು ಕೊಟ್ಟು ಸುಮ್ಮನಾಗಲೂ ಇಲ್ಲ. ಆ ಎರಡು ಮೊಳದ ದಾರಿಗೆ ಅಡ್ಡಿ ಮಾಡಿದವನಿಗೆ ಹನ್ನೆರಡು ಪಣ ದಂಡವೆಂದು ಮೂರನೆಯ ಅಧಿಕರಣದಲ್ಲಿ ವಿಧಿಸಿದ್ದಾನೆ. ಬೀದಿಯಲ್ಲಿ ಮಣ್ಣು ಸುರಿದವನಿಗೆ ಪಣದ ಎಂಟನೆಯ ಒಂದು ಭಾಗ, ಕೆಸರುನೀರು ನಿಲ್ಲುವಂತೆ ಮಾಡಿದವನಿಗೆ ಕಾಲು ಪಣ, ರಾಜಮಾರ್ಗದಲ್ಲಾದರೆ ಇದರ ಎರಡರಷ್ಟು, ಎಂದು ನಗರಾಧಿಕಾರಿಯ ಪ್ರಕರಣದಲ್ಲಿದೆ. ಇವೆಲ್ಲವೂ ಆಗ ಆಚರಣೆಯಲ್ಲಿದ್ದುವೋ ಇಲ್ಲವೋ ಎಂಬುದು ಬೇರೆ ಮಾತು. ನಡೆಯುವವನ ದಾರಿಗೆ ಒಂದು ಅಳತೆಯಿರಬೇಕು, ಆ ಅಳತೆಯನ್ನು ಕಾಯುವವನೊಬ್ಬನಿರಬೇಕು ಎಂಬ ತಿಳಿವಳಿಕೆಯಂತೂ ಇದ್ದಿತು.

ಈಗಿನ ಕಾಲದಲ್ಲಿಯೂ ಅಳತೆಗೆ ಕೊರತೆಯಿಲ್ಲ. ರಸ್ತೆಗಳ ವಿಷಯದಲ್ಲಿ ನಿಯಮಗಳನ್ನು ರಚಿಸುವುದಕ್ಕಾಗಿಯೇ 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯಿದೆ. ಅದು 2012ರಲ್ಲಿ ಪ್ರಕಟಿಸಿದ ಸೂಚನೆಗಳ ಪ್ರಕಾರ ಪಾದಚಾರಿ ಮಾರ್ಗದಲ್ಲಿ ಯಾವ ಅಡ್ಡಿಯೂ ಇಲ್ಲದ ನಡೆದಾಡುವ ಸ್ಥಳವು ಕನಿಷ್ಠಪಕ್ಷ 1.8 ಮೀಟರು ಅಗಲವಿರಬೇಕು. ತಲೆಯ ಮೇಲೆ 2.2 ಮೀಟರು ತೆರವಿರಬೇಕು. ರಸ್ತೆಯಿಂದ ಅದರ ಎತ್ತರವು 150 ಮಿಲಿಮೀಟರನ್ನು, ಎಂದರೆ ಸುಮಾರು ಅರ್ಧ ಅಡಿಯನ್ನು, ಮೀರಕೂಡದು. 1.8 ಮೀಟರೆಂದರೆ ಸರಿಯಾಗಿ ನಾಲ್ಕು ಮೊಳ. ಕೌಟಿಲ್ಯನು ಕೊಟ್ಟುದರ ಇಮ್ಮಡಿ! ಇಬ್ಬರು ಒಬ್ಬರಿಗೊಬ್ಬರು ತಗಲದೆ ಎದುರುಬದುರಾಗಿ ಹೋಗಬಹುದು; ಒಬ್ಬಳು ತಾಯಿ ಮಗುವಿನ ಕೈ ಹಿಡಿದುಕೊಂಡು ನಡೆಯಬಹುದು; ಗಾಲಿಕುರ್ಚಿಯಲ್ಲಿ ಕುಳಿತವನೂ ಸಾಗಬಹುದು. ಆ ಉದ್ದೇಶದಿಂದಲೇ ಆ ಅಳತೆ.

ಇನ್ನು ವಾಸ್ತವಿಕಸ್ಥಿತಿಯನ್ನು ನೋಡೋಣ. ಗೃಹಿಣಿಯವರ ಕಾಗದ ಬಂದ ಮರುದಿನ ಬೆಳಗ್ಗೆ ನಮ್ಮ ಮನೆಯಿಂದ ಮಾರುಕಟ್ಟೆಯ ತಿರುವಿನವರೆಗೆ, ಸುಮಾರು ನಾನೂರು ಹೆಜ್ಜೆಗಳ ದಾರಿಯನ್ನು, ಲೆಕ್ಕ ಹಾಕುತ್ತ ನಡೆದೆನು. ಮೊದಲನೆಯ ಮನೆಯ ಮುಂದೆ ಕಾರು ಹತ್ತಿಸುವುದಕ್ಕಾಗಿ ಸಿಮೆಂಟಿನ ಇಳಿಜಾರು. ಅದರ ಮೇಲೆ ನಡೆಯಬೇಕಾದರೆ ಒಂದು ಕಾಲು ಉದ್ದ, ಇನ್ನೊಂದು ಕಾಲು ಗಿಡ್ಡವಾಗಿರಬೇಕು. ಎರಡನೆಯ ಮನೆಯವರು ಕಬ್ಬಿಣದ ಸರಳುಗಳನ್ನು ನೆಟ್ಟು ಕ್ರೋಟನ್ ಗಿಡಗಳನ್ನು ಬೆಳೆಸಿದ್ದಾರೆ. ಮುಂದೆ ವಿದ್ಯುತ್ತಿನ ಟ್ರಾನ್ಸ್‌ಫಾರ್ಮರು ನಾಲ್ಕು ಕಾಲೂರಿ ಬೇಲಿ ಕಟ್ಟಿಸಿಕೊಂಡು ಸಂಸಾರ ಹೂಡಿದೆ. ಅದರ ಪಕ್ಕದಲ್ಲಿ ಬಾಗಿಲು ಕಿತ್ತುಹೋದ ಟೆಲಿಫೋನಿನ ಪೆಟ್ಟಿಗೆ. ಮರದಿಂದ ಕಂಬಕ್ಕೆ, ಕಂಬದಿಂದ ಮರಕ್ಕೆ ಹಾಯ್ದ ಕೇಬಲ್ಲುಗಳ ಸುರುಳಿ ಸರಿಯಾಗಿ ಕೊರಳಿನ ಮಟ್ಟಕ್ಕೆ ಜೋತುಬಿದ್ದಿದೆ. ಅನಂತರ ಹೊಸ ಮನೆ ಕಟ್ಟಿಸುವವರ ಮರಳು ಜಲ್ಲಿಗಳ ರಾಶಿ. ಅದರಾಚೆ ಚಪ್ಪಡಿಯೊಂದು ಮುರಿದು ಮೋರಿಯು ಬಾಯಿ ತೆರೆದಿದೆ. ಯಾರೋ ಪುಣ್ಯಾತ್ಮರು ಅದರೊಳಗೆ ಮರದ ಕೊಂಬೆಯೊಂದನ್ನು ಸಿಕ್ಕಿಸಿ ದಾರಿಗರಿಗೆ ಎಚ್ಚರಿಕೆ ಕೊಟ್ಟಿದ್ದಾರೆ. ಆ ಕೊಂಬೆಯ ಎಲೆಗಳು ಒಣಗಿ ಉದುರಿಹೋಗಿರುವುದರಿಂದ ಚಪ್ಪಡಿ ಮುರಿದು ಎಷ್ಟು ದಿನವಾಯಿತೆಂಬುದನ್ನು ಊಹಿಸಬಹುದು. ಇಷ್ಟೆಲ್ಲವನ್ನೂ ದಾಟಿ ಎರಡು ಮೊಳದಷ್ಟು ಒಳ್ಳೆಯ ನೆಲ ಸಿಕ್ಕಿತೆಂದು ಕಾಲಿಡುವಷ್ಟರಲ್ಲಿ, ರಸ್ತೆಯಲ್ಲಿ ವಾಹನಗಳು ನಿಂತುಬಿಟ್ಟವೆಂಬ ಕಾರಣದಿಂದ ಸ್ಕೂಟರೊಂದು ಹಿಂದಿನಿಂದ ಮೇಲೇರಿ ಬಂದು ಹಾರ್ನು ಮಾಡಿತು. ನಾನೂರು ಹೆಜ್ಜೆಗಳಲ್ಲಿ ಹನ್ನೊಂದು ಸಲ ನಾನು ರಸ್ತೆಗೆ ಇಳಿದು ಹತ್ತಬೇಕಾಯಿತು.

ಇದು ಹೀಗಾಗುವುದಕ್ಕೆ ಕಾರಣವೇನು? ಕೇವಲ ಅಧಿಕಾರಿಗಳನ್ನು ಬಯ್ದರೆ ಕಾರಣ ತಿಳಿಯುವುದಿಲ್ಲ. ಬೆಂಗಳೂರಿನ ಫುಟ್‌ಪಾತು ಎಂಬುದು ಬಹುಪಾಲು ಬೀದಿಗಳಲ್ಲಿ ಒಂದು ದಾರಿಯೇ ಅಲ್ಲ. ಅದು ಮಳೆನೀರಿನ ಮೋರಿಗೆ ಹೊದಿಸಿದ ಮುಚ್ಚಳ. ಮೋರಿಯಲ್ಲಿ ಹೂಳು ತುಂಬಿದರೆ ಮಳೆಯ ನೀರು ಮನೆಗಳೊಳಗೆ ನುಗ್ಗುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮೊದಲು ಚಪ್ಪಡಿಗಳನ್ನು ಮೀಟಿ ಎತ್ತಿ ಹೂಳನ್ನು ತೆಗೆಯಬೇಕು. ತೆಗೆದ ಹೂಳನ್ನು ಎಲ್ಲಿ ಹಾಕುವುದು? ಅಲ್ಲಿಯೇ, ಪಕ್ಕದಲ್ಲಿ. ಒಣಗಿದ ಮೇಲೆ ಸಾಗಿಸುತ್ತೇವೆಂದು ಹೇಳುತ್ತಾರೆ. ಸಾಗಿಸುವ ಗಾಡಿ ಬರುವುದರೊಳಗೆ ಮಳೆ ಬಂದು ಹೂಳು ಪುನಃ ಮೋರಿಗೆ ಇಳಿಯುತ್ತದೆ. ಎತ್ತಿದ ಚಪ್ಪಡಿಗಳನ್ನು ಯಥಾಸ್ಥಾನದಲ್ಲಿ ಕೂರಿಸುವುದು ಎತ್ತುವುದಕ್ಕಿಂತ ಕಷ್ಟದ ಕೆಲಸ. ಒಂದು ಅಂಗುಲ ಹೆಚ್ಚುಕಡಮೆಯಾದರೂ ಕಲ್ಲು ತೂಗಾಡುತ್ತದೆ, ತೂಗಾಡುವ ಕಲ್ಲು ಭಾರ ಬಿದ್ದೊಡನೆ ಮುರಿಯುತ್ತದೆ. ಅದೇ ಮುಚ್ಚಳದ ಆಸುಪಾಸಿನಲ್ಲಿಯೇ ನೀರಿನ ಕೊಳವೆಯವರು, ಒಳಚರಂಡಿಯವರು, ವಿದ್ಯುತ್ತಿನವರು, ಅಂತರ್ಜಾಲದ ತಂತಿಯವರು ಬೇರೆ ಬೇರೆ ತಿಂಗಳುಗಳಲ್ಲಿ ಬಂದು ಅಗೆಯುತ್ತಾರೆ. ಒಬ್ಬನು ಮುಚ್ಚಿದುದನ್ನು ಇನ್ನೊಬ್ಬನು ತೆರೆಯುವನು. ಭೂಮಿ ಒಂದು, ಒಡೆಯರು ಐವರು, ಕಾವಲುಗಾರನು ಒಬ್ಬನೂ ಇಲ್ಲ.

ಮುರಿದ ಚಪ್ಪಡಿಯ ವಿಷಯವನ್ನು ತಿಳಿಸೋಣವೆಂದು ನಾನು ಸಂಬಂಧಪಟ್ಟ ಕಚೇರಿಯೊಂದಕ್ಕೆ ಹೋದೆನು. ಅಲ್ಲಿದ್ದ ಅಧಿಕಾರಿ ಮರ್ಯಾದಸ್ಥರು. ಕುರ್ಚಿ ಕೊಟ್ಟು ಕುಳ್ಳಿರಿಸಿ ಹೇಳಿದರು:

"ಚಪ್ಪಡಿಯೇನೋ ನಮ್ಮದೇ ಸ್ವಾಮಿ. ಆದರೆ ಅದನ್ನು ಎತ್ತಿ ಮುರಿದವರು ನಾವಲ್ಲ. ಕೊಳವೆ ಹಾಕಿದವರು. ತಾವು ಅವರನ್ನು ಕೇಳಿದರೆ ಒಳ್ಳೆಯದು."

ಕೊಳವೆಯವರ ಕಚೇರಿಗೆ ಹೋದೆನು. ಅಲ್ಲಿಯೂ ಮರ್ಯಾದೆಗೆ ಕಡಮೆಯಿರಲಿಲ್ಲ.

"ನಮ್ಮ ಕೆಲಸ ಮುಗಿದುಹೋಯಿತು ಸಾರ್. ಅಗೆಯುವುದಕ್ಕೆ ಅನುಮತಿ ತೆಗೆದುಕೊಳ್ಳುವಾಗಲೇ ದುರಸ್ತಿಯ ಹಣವನ್ನು ಅವರಿಗೆ ಕಟ್ಟಿಬಿಟ್ಟಿದ್ದೇವೆ. ಇನ್ನು ಅವರುಂಟು, ಚಪ್ಪಡಿಯುಂಟು."

ಮೊದಲನೆಯ ಕಚೇರಿಗೆ ಹಿಂದಿರುಗಿ ಈ ಮಾತನ್ನು ಹೇಳಿದಾಗ ಅಧಿಕಾರಿಗಳು ಮುಗುಳ್ನಕ್ಕರು. "ಹಣ ಬಂದಿರಬಹುದು ಸ್ವಾಮಿ. ಆದರೆ ಅದು ಈ ಚಪ್ಪಡಿಗೆಂದು ಬರುವುದಿಲ್ಲವಲ್ಲ. ಎಲ್ಲವೂ ಒಂದೇ ಲೆಕ್ಕಕ್ಕೆ ಸೇರುತ್ತದೆ. ಟೆಂಡರು ಆಗಬೇಕು" ಎಂದರು. ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂಬ ದೋಷವೊಂದಿದೆ: ಇದು ಸಿದ್ಧಿಸಬೇಕಾದರೆ ಅದು ಸಿದ್ಧಿಸಬೇಕು, ಅದು ಸಿದ್ಧಿಸಬೇಕಾದರೆ ಇದು ಸಿದ್ಧಿಸಬೇಕು. ಹುಡುಗರಿಗೆ ಉದಾಹರಣೆ ಕೊಡುವುದಕ್ಕಾಗಿ ನಾನು ಮೂವತ್ತು ವರ್ಷ ಹುಡುಕಾಡಿದ್ದೆ. ನಿವೃತ್ತನಾದ ಮೇಲೆ ಸಿಕ್ಕಿತು!

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆ ಅಧಿಕಾರಿಗಳಿಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಅಗೆಯುವವರು ದುರಸ್ತಿಯ ಹಣವನ್ನು ಕಟ್ಟುವುದು, ಮುಚ್ಚುವವರು ಬೇರೆಯಾಗಿರುವುದು ಇವೆರಡೂ ನಿಜ. ಒಬ್ಬೊಬ್ಬನ ಕೆಲಸವೂ ಕಾಗದದಲ್ಲಿ ಪೂರ್ತಿಯಾಗಿದೆ. ಎಲ್ಲರ ಕೆಲಸವೂ ಸೇರಿ ಆಗಬೇಕಾದ ದಾರಿ ಮಾತ್ರ ಆಗಿಲ್ಲ. ಜನರ ಪರವಾಗಿ ಇವರೆಲ್ಲರನ್ನೂ ಒಂದೆಡೆಯಲ್ಲಿ ಕೂರಿಸಿ ಕೇಳತಕ್ಕವನು ವಾರ್ಡಿನ ಪ್ರತಿನಿಧಿ. ಬೆಂಗಳೂರಿನಲ್ಲಿ ಆ ಪ್ರತಿನಿಧಿಗಳ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಆ ಮಹಾನಗರಪಾಲಿಕೆಗೆ ಚುನಾವಣೆ ನಡೆಯಲೇ ಇಲ್ಲ. ಐದು ವರ್ಷ ಅಧಿಕಾರಿಗಳೇ ನಡೆಸಿದರು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಹೋಗಿ ಅದರ ಸ್ಥಾನದಲ್ಲಿ ಐದು ನಗರಪಾಲಿಕೆಗಳಾದುವು. ಆಡಳಿತವನ್ನು ಐದಾಗಿ ಹಂಚಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ನನಗೆ ಬೇಡ. ಚಪ್ಪಡಿ ಯಾವ ಪಾಲಿಕೆಯದಾದರೂ ಆಗಲಿ. ಅದರ ವಿಷಯವಾಗಿ ಮತ ಕೇಳಲು ನಮ್ಮ ಬಾಗಿಲಿಗೆ ಬರಲೇಬೇಕಾದ ಒಬ್ಬನಿರಬೇಕು ಎಂಬುದಷ್ಟೇ ನನ್ನ ಅಭಿಪ್ರಾಯ. ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿಯು ಹೇಳಿ, ಅದು 1993ರಲ್ಲಿ ಜಾರಿಗೆ ಬಂದಿದೆ. ಅಂದು ಹುಟ್ಟಿದ ಕೂಸುಗಳು ಇಂದು ಸಂಸಾರಸ್ಥರಾಗಿ ತಮ್ಮ ಮಕ್ಕಳನ್ನು ಅದೇ ಮುರಿದ ಚಪ್ಪಡಿಯ ಮೇಲೆ ಶಾಲೆಗೆ ನಡೆಸುತ್ತಿದ್ದಾರೆ.

ಸರಕಾರದ ಪಾಲಿನದು ಇಷ್ಟಾಯಿತು. ಇನ್ನು ನಾಗರಿಕರ ಪಾಲಿನದನ್ನು ಹೇಳದಿದ್ದರೆ ಪಕ್ಷಪಾತವಾದೀತು. ನಮ್ಮ ಬೀದಿಯಲ್ಲಿ ಒಬ್ಬ ತರುಣರಿದ್ದಾರೆ, ವಿದ್ಯಾವಂತರು, ವಿನಯಶಾಲಿಗಳು. ಅವರು ಕಾರಿನ ಇಳಿಜಾರನ್ನು ಹೊಸದಾಗಿ ಕಟ್ಟಿಸುತ್ತಿದ್ದಾಗ ನಾನು ನಿಂತು ಮಾತನಾಡಿಸಿದೆ.

"ಏನಪ್ಪಾ, ಇಳಿಜಾರು ಫುಟ್‌ಪಾತನ್ನೆಲ್ಲ ನುಂಗಿಬಿಟ್ಟಿತಲ್ಲ?"

"ಕಾರು ಒಳಗೆ ಹೋಗಬೇಕಲ್ಲ ಮೇಷ್ಟ್ರೇ."

"ಹೋಗಲಿ, ಬೇಡವೆಂದವರಾರು? ಇಳಿಜಾರನ್ನು ಗೇಟಿನ ಒಳಗಡೆ ಮಾಡಿಸಿದರಾಗದೆ?"

"ಒಳಗೆ ಮಾಡಿಸಿದರೆ ನಮ್ಮ ಜಾಗ ಹೋಗುತ್ತದೆ ಮೇಷ್ಟ್ರೇ!"

ಅವರ ಸತ್ಯಸಂಧತೆಗೆ ನಾನು ಮೆಚ್ಚಿದೆ. ಈ ಒಂದು ವಾಕ್ಯದಲ್ಲಿ ನಮ್ಮ ನಗರದ ನೀತಿಶಾಸ್ತ್ರವೆಲ್ಲ ಅಡಗಿದೆ. ಗೇಟಿನ ಒಳಗಿನದು ನಮ್ಮ ಜಾಗ. ಹೊರಗಿನದು ಯಾರ ಜಾಗವೂ ಅಲ್ಲ. ಯಾರದೂ ಅಲ್ಲದ್ದನ್ನು ತೆಗೆದುಕೊಂಡರೆ ಯಾರಿಗೂ ನಷ್ಟವಿಲ್ಲ. ಹೀಗೆ ಒಬ್ಬರು ಇಳಿಜಾರಿಗೆ, ಒಬ್ಬರು ಹೂಕುಂಡಗಳಿಗೆ, ಅಂಗಡಿಯವರು ಜನರೇಟರಿಗೆ, ಹೋಟೆಲಿನವರು ಗಿರಾಕಿಗಳ ವಾಹನಗಳಿಗೆ ತೆಗೆದುಕೊಂಡರು. ಒಳಗೆ ಬೆಳಗ್ಗೆ ರಂಗೋಲಿ ಹಾಕಿ ನೆಲವನ್ನು ಪೂಜಿಸುವ ನಾವು, ಹೊರಗೆ ಕಾಲಿಡುವ ನೆಲವನ್ನು ಅನಾಥವೆಂದು ಭಾವಿಸಿದೆವು. ಯಾರದೂ ಅಲ್ಲವೆಂಬುದು ತಪ್ಪು ಎಣಿಕೆ. ಅದು ಎಲ್ಲರದೂ. ಅದರಲ್ಲಿಯೂ ಕಾರಿಲ್ಲದವರಿಗೆ ನಗರದಲ್ಲಿರುವ ಜಮೀನು ಅದೊಂದೇ.

ಫುಟ್‌ಪಾತಿನ ಮಾತು ಬಂದೊಡನೆ ಅನೇಕರು ಹೂವು ಹಣ್ಣು ಮಾರುವವರ ಮೇಲೆ ಬೆರಳು ತೋರಿಸುತ್ತಾರೆ. ಇದು ನನಗೆ ಸರಿದೋರುವುದಿಲ್ಲ. ನಮ್ಮ ತಿರುವಿನಲ್ಲಿ ಕುಳಿತುಕೊಳ್ಳುವ ಹೂವಿನ ಹೆಂಗಸಿನ ಬುಟ್ಟಿ ಒಂದು ಮೊಳ ಅಗಲವಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕೆ ಅಲ್ಲಿರುವುದರಿಂದಲೇ ಆ ಮೂಲೆಯಲ್ಲಿ ಹೆಂಗಸರು ಮಕ್ಕಳು ನಿರ್ಭಯವಾಗಿ ಓಡಾಡುತ್ತಾರೆ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವುದಕ್ಕೂ, ಅವರಿಗೆ ಸ್ಥಳವನ್ನು ಗುರುತಿಸಿ ಕೊಡುವುದಕ್ಕೂ 2014ರಲ್ಲಿ ಕಾನೂನೇ ಆಗಿದೆ. ಸ್ಥಳವನ್ನು ಕ್ರಮವಾಗಿ ಗುರುತಿಸಿದರೆ ಆಕೆಯೂ ಇರಬಹುದು, ನಾವೂ ಹೋಗಬಹುದು. ಆಕೆಯನ್ನು ಎಬ್ಬಿಸಿದ ಸ್ಥಳದಲ್ಲಿ ಮರುದಿನ ಕಾರೊಂದು ಬಂದು ನಿಂತರೆ ಅದನ್ನು ಎಬ್ಬಿಸುವವರಾರು? ಬುಟ್ಟಿಗೆ ಒಂದು ನ್ಯಾಯ, ಕಾರಿಗೆ ಒಂದು ನ್ಯಾಯವಾಗಬಾರದು.

"ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಲೇಖನವೆ?" ಎಂದು ಕೆಲವು ವಾಚಕರು ಕೇಳಬಹುದು. ವಿಷಯವು ಸಣ್ಣದಲ್ಲ. ಆ ಗೃಹಿಣಿಯವರ ಕಾಗದದಲ್ಲಿ ಮುಂದಿನ ಭಾಗವನ್ನು ನೋಡಿರಿ. ಅವರ ಅತ್ತೆಯವರು ಹಿಂದೆ ಪ್ರತಿ ಸಾಯಂಕಾಲ ದೇವಸ್ಥಾನಕ್ಕೆ ಹೋಗುತ್ತಿದ್ದರಂತೆ. ಬರುವಾಗ ಸೊಪ್ಪನ್ನೂ, ಸೊಪ್ಪಿನ ಸಂಗಡ ಬಡಾವಣೆಯ ಸಮಾಚಾರವನ್ನೂ ತರುತ್ತಿದ್ದರಂತೆ. ಒಂದು ದಿನ ತೂಗಾಡುವ ಚಪ್ಪಡಿಯ ಮೇಲೆ ಕಾಲಿಟ್ಟು ಬಿದ್ದರು. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಅಂದಿನಿಂದ ಒಂದು ಕಾಗದದ ಲಕೋಟೆ ಬೇಕಾದರೂ ಮೊಮ್ಮಗನನ್ನು ಕೇಳಬೇಕು. ಒಂದು ಮೊಳ ಹೂವಿಗೂ ಸೊಸೆಯ ದಾರಿ ಕಾಯಬೇಕು. "ಮನೆಯಲ್ಲಿ ಅವರಿಗೆ ನಾವು ಯಾವುದಕ್ಕೂ ಕಡಮೆ ಮಾಡಿಲ್ಲ. ಆದರೆ ಅವರು ಬರಬರುತ್ತ ಮಾತು ಕಡಮೆ ಮಾಡಿದ್ದಾರೆ" ಎಂದು ಆ ಸೊಸೆ ಬರೆಯುತ್ತಾರೆ. ದಿನಕ್ಕೆ ಅರ್ಧ ಗಂಟೆ ನಡೆಯಿರೆಂದು ವೈದ್ಯರು ಹೇಳುತ್ತಾರಂತೆ. ಎಲ್ಲಿ ನಡೆಯಬೇಕೆಂಬುದನ್ನು ಅವರು ಔಷಧದ ಚೀಟಿಯಲ್ಲಿ ಬರೆದುಕೊಡುವಂತಿಲ್ಲ.

ವಾಚಕರೆ, ಅಪರಾಧ ಮಾಡಿದವನನ್ನು ನ್ಯಾಯಾಧೀಶನು ವಿಚಾರಣೆ ನಡೆಸಿ ಸೆರೆಗೆ ಕಳುಹಿಸುತ್ತಾನೆ. ಯಾವ ಅಪರಾಧವನ್ನೂ ಮಾಡದ ಈ ವೃದ್ಧೆಯನ್ನು ಗೃಹಬಂಧನದಲ್ಲಿಟ್ಟವರಾರು? ಇಂಥವರು ಒಂದೊಂದು ಬೀದಿಯಲ್ಲಿಯೂ ಇದ್ದಾರೆ. ಬೀದಿಯಲ್ಲಿ ಕಾಣದಿರುವುದರಿಂದ ನಾವು ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಣ್ಣಿಲ್ಲದವರು, ಕಾಲು ಊನವಾದವರು, ತುಂಬು ಗರ್ಭಿಣಿಯರು, ಚೀಲ ಹೊತ್ತ ಶಾಲಾಬಾಲಕರು ಎಲ್ಲರ ಕಥೆಯೂ ಇದೇ. ಹೊರಗೆ ಹೋಗಲೇಬೇಕಾದವರು ರಸ್ತೆಗೆ ಇಳಿಯುತ್ತಾರೆ. ಇಳಿದವರ ಗತಿಯನ್ನು ಸರಕಾರದ ಲೆಕ್ಕವೇ ಹೇಳುತ್ತದೆ: 2022ನೆಯ ಒಂದೇ ವರ್ಷದಲ್ಲಿ ಭಾರತದಲ್ಲಿ ರಸ್ತೆಯ ಅಪಘಾತಗಳಿಂದ ಮಡಿದವರು 1,68,000ಕ್ಕೂ ಹೆಚ್ಚು, ಅವರಲ್ಲಿ ನಡೆಯುತ್ತಿದ್ದವರೇ 32,000ಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಜನರ ಕೈಯಲ್ಲಿ ಸೊಪ್ಪಿನ ಚೀಲವಿದ್ದಿತೋ, ಎಷ್ಟು ಜನರು ಮಗುವನ್ನು ಕರೆತರಲು ಹೋಗುತ್ತಿದ್ದರೋ!

ದಾರಿಯನ್ನು ಯಾರಿಗೆ ಬಿಡಬೇಕೆಂಬ ವಿಷಯದಲ್ಲಿ ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಒಂದು ಪಟ್ಟಿಯಿದೆ. ವಾಹನದಲ್ಲಿರುವವನಿಗೆ, ತೊಂಬತ್ತು ದಾಟಿದವನಿಗೆ, ರೋಗಿಗೆ, ಹೊರೆ ಹೊತ್ತವನಿಗೆ, ಸ್ತ್ರೀಗೆ, ಸ್ನಾತಕನಿಗೆ, ರಾಜನಿಗೆ, ಮದುವಣಿಗನಿಗೆ ದಾರಿ ಬಿಡಬೇಕಂತೆ. ವಾಹನದವನನ್ನು ಮೊದಲು ಹೇಳಿರುವುದನ್ನು ಕಂಡು ಸ್ಕೂಟರಿನವರು ಸಂತೋಷಪಡಬಹುದು. ಎತ್ತಿನ ಬಂಡಿಯನ್ನು ಥಟ್ಟನೆ ತಿರುಗಿಸುವುದು ಕಷ್ಟ, ಕಾಲ್ನಡಿಗೆಯವನು ಪಕ್ಕಕ್ಕೆ ಸರಿಯುವುದು ಸುಲಭ ಎಂಬುದೇ ಅದರ ಅಭಿಪ್ರಾಯವೆಂದು ನನಗೆ ತೋರುತ್ತದೆ. ಆದರೆ ಪಕ್ಕಕ್ಕೆ ಸರಿಯಬೇಕಾದರೆ ಪಕ್ಕವೆಂಬುದೊಂದು ಇರಬೇಕಷ್ಟೆ! ಆ ಪಕ್ಕಕ್ಕೂ ವಾಹನವೇ ಏರಿ ಬಂದರೆ ತೊಂಬತ್ತರ ಮುದುಕನು ಎಲ್ಲಿಗೆ ಸರಿಯಬೇಕು? ಪಾದಚಾರಿ ಮಾರ್ಗದ ಮೇಲೆ ವಾಹನವನ್ನು ನಡೆಸಕೂಡದು, ನಿಲ್ಲಿಸಲೂ ಕೂಡದು ಎಂಬುದು ಇಂದಿನ ಮೋಟಾರು ನಿಯಮಗಳಲ್ಲಿ ಸ್ಪಷ್ಟವಾಗಿದೆ. 2025ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇನ್ನೂ ಮುಂದೆ ಹೋಗಿ, ಅಡ್ಡಿಯಿಲ್ಲದ ಮತ್ತು ಅಂಗವಿಕಲರೂ ಬಳಸಬಹುದಾದ ಪಾದಚಾರಿ ಮಾರ್ಗವು ಸಂವಿಧಾನದ 21ನೆಯ ಅನುಚ್ಛೇದದಲ್ಲಿ ಹೇಳಿರುವ ಜೀವಿಸುವ ಹಕ್ಕಿನ ಒಂದು ಭಾಗವೆಂದು ಹೇಳಿತು. ಇದಕ್ಕಿಂತ ದೊಡ್ಡ ಆಧಾರ ಇನ್ನೇನು ಬೇಕು? ಆಧಾರಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ.

ಆಗದ ಕೆಲಸವೆಂದು ಹೇಳುವಂತೆಯೂ ಇಲ್ಲ. ಬೆಂಗಳೂರಿನ ನಡುಭಾಗದಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ ಮೊದಲಾದ ಕೆಲವು ರಸ್ತೆಗಳನ್ನು 2015ರ ಸುಮಾರಿನಲ್ಲಿ ಹೊಸ ಕ್ರಮದಿಂದ ಕಟ್ಟಿದರು. ನೀರು, ಚರಂಡಿ, ವಿದ್ಯುತ್ತು, ತಂತಿ ಎಲ್ಲಕ್ಕೂ ನೆಲದ ಕೆಳಗೆ ಮೊದಲೇ ಸ್ಥಳ ಮಾಡಿ, ಅಗೆಯದೆಯೇ ಇಳಿದು ನೋಡುವುದಕ್ಕೆ ಕಿಂಡಿಗಳನ್ನಿಟ್ಟು, ಮೇಲೆ ಅಗಲವಾದ ಸಮನೆಲವನ್ನು ಮಾಡಿದರು. ಅಲ್ಲಿ ಇಂದಿಗೂ ವೃದ್ಧರು ನಡೆಯಬಹುದು. ಖರ್ಚು ಹೆಚ್ಚಾಯಿತೆಂದು ಆಗ ಆಕ್ಷೇಪಣೆಗಳೂ ಬಂದುವು. ಐದು ಸಲ ಅಗೆದು ಐದು ಸಲ ಮುಚ್ಚುವುದರ ಖರ್ಚನ್ನೂ, ಆಸ್ಪತ್ರೆಯ ಖರ್ಚನ್ನೂ ಎದುರಿಗಿಟ್ಟು ಲೆಕ್ಕ ಮಾಡಿದರೆ ಆ ಆಕ್ಷೇಪಣೆಯ ತೂಕ ತಿಳಿಯುತ್ತದೆ. ಎಲ್ಲ ಬೀದಿಗಳಿಗೂ ಅಷ್ಟು ವೈಭವ ಬೇಡ. ನಾಲ್ಕು ಮೊಳವನ್ನು ಕೊಡಲಾರದಲ್ಲಿ ಎರಡು ಮೊಳವನ್ನು ಕೊಡಲಿ. ಆದರೆ ಅದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಡಿಯದೆ ಹೋಗಲಿ. ಸರಪಣಿಗೆ ಹತ್ತು ಕೊಂಡಿಗಳು ಗಟ್ಟಿಯಾಗಿದ್ದು ಒಂದು ಮುರಿದರೆ ಹೇಗೋ, ದಾರಿಯೂ ಹಾಗೆಯೇ. ಒಂದು ಚಪ್ಪಡಿ ಹೋದರೆ ಮುದುಕರಿಗೆ ಬೀದಿಯೇ ಹೋದಂತೆ.

ಗೃಹಸ್ಥರು ಮಾಡಬಹುದಾದುದೂ ಕೆಲವುಂಟು. ಇಳಿಜಾರನ್ನು ಗೇಟಿನ ಒಳಗೆ ಮಾಡಿಸುವುದು. ಹೂಕುಂಡಗಳನ್ನು ಒಳಗೆ ತೆಗೆದುಕೊಳ್ಳುವುದು. ಮನೆ ಕಟ್ಟಿಸುವಾಗ ಮರಳು ಜಲ್ಲಿಗಳನ್ನು ತಮ್ಮ ನಿವೇಶನದಲ್ಲಿಯೇ ಸುರಿಸುವುದು. ನೆಂಟರ ವಾಹನವನ್ನು ಚಪ್ಪಡಿಯ ಮೇಲೆ ನಿಲ್ಲಗೊಡದಿರುವುದು. ಇವಕ್ಕೆ ಟೆಂಡರು ಬೇಕಿಲ್ಲ. ಚಪ್ಪಡಿ ಮುರಿದರೆ ಹತ್ತಿರದ ದೀಪದ ಕಂಬದ ಸಂಖ್ಯೆಯನ್ನು ಬರೆದು, ಭಾವಚಿತ್ರದ ಸಂಗಡ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ತೆಗೆದಿಟ್ಟುಕೊಳ್ಳಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನಿನ ಪ್ರಕಾರ ಹತ್ತು ರೂಪಾಯಿ ಶುಲ್ಕ ಕೊಟ್ಟು, ನಮ್ಮ ಬೀದಿಯನ್ನು ಯಾರು, ಯಾವಾಗ, ಯಾರ ಅನುಮತಿಯಿಂದ ಅಗೆದರು, ದುರಸ್ತಿಗೆ ಎಷ್ಟು ಹಣ ಕಟ್ಟಿದರು ಎಂದು ಕೇಳಬಹುದು. ಒಬ್ಬನು ಹೋದರೆ ಕುರ್ಚಿ ಕೊಡುತ್ತಾರೆ; ಹತ್ತು ಮಂದಿ ಹೋದರೆ ಕೆಲಸ ಮಾಡಿಕೊಡುತ್ತಾರೆ. ನಮ್ಮ ಬೀದಿಯ ಏಳು ಮನೆಗಳವರು, ಅವರಲ್ಲಿ ಐವರು ಹೆಂಗಸರು, ಸಂಗಡ ಹೋಗಿ ಕೇಳಿದ ಮೂರು ವಾರಗಳಿಗೆ ಆ ಒಣಕೊಂಬೆಯ ಹಳ್ಳಕ್ಕೆ ಹೊಸ ಚಪ್ಪಡಿ ಬಂದಿತು. ಟ್ರಾನ್ಸ್‌ಫಾರ್ಮರು ಇದ್ದಲ್ಲಿಯೇ ಇದೆ. ಇಳಿಜಾರಿನ ತರುಣರೂ ಯೋಚಿಸುತ್ತೇನೆಂದು ಹೇಳಿದ್ದಾರೆ.

ಕಾಗದ ಬರೆದ ಸೋದರಿಯವರಿಗೆ ನನ್ನ ಸೂಚನೆಯಿಷ್ಟೆ. ತಮ್ಮ ಮನೆಯಿಂದ ದೇವಸ್ಥಾನದವರೆಗೆ ಎಷ್ಟು ಕಡೆ ದಾರಿ ಕಡಿದಿದೆಯೆಂಬುದನ್ನು ಒಂದು ಹಾಳೆಯಲ್ಲಿ ಬರೆದು, ಅಕ್ಕಪಕ್ಕದವರ ರುಜುಗಳನ್ನು ಹಾಕಿಸಿರಿ. ಅತ್ತೆಯವರಿಂದಲೇ ಮೊದಲನೆಯ ರುಜುವನ್ನು ಹಾಕಿಸಿರಿ. ಎರಡು ವರ್ಷಗಳಿಂದ ಹೊರಗೆ ಬಾರದವರ ಹೆಸರು ಕಚೇರಿಯ ಮೇಜಿನ ಮೇಲಾದರೂ ಹೋಗಿ ಕೂರಲಿ. ಉಳಿದ ವಾಚಕರೂ ತಮ್ಮ ತಮ್ಮ ಗೇಟಿನ ಮುಂದೆ ಎಷ್ಟು ಮೊಳ ದಾರಿ ಉಳಿದಿದೆಯೆಂಬುದನ್ನು ಅಳೆದು ನೋಡಿ ನನಗೆ ಬರೆಯಬಹುದು. ಮೈಸೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿಗಳವರ ಅಳತೆಯೂ ಬರಲಿ. ಮುಂದಿನ ಸಂಚಿಕೆಯಲ್ಲಿ ಕಸದ ಗಾಡಿಯ ವಿಷಯವನ್ನು ಬರೆಯಬೇಕೆಂದಿದ್ದೇನೆ. ಅದು ನಮ್ಮ ಬೀದಿಗೆ ಬಂದರೆ.